ಹದಿನಾಲ್ಕನೇ ನಂಬರು

"ನೀವು ಎಷ್ಟನೇ ನಂಬರು?"

ಸಮಾಧಾನದ ಮಾತು ಹೇಳಲು ಬಂದು ಕೈ ಹಿಡಿದಿದ್ದ ದಪ್ಪ ಮನುಷ್ಯ, ಬಾಯಿಗೆ ಬಂದಿದ್ದ ಮಾತನ್ನು ಹಾಗೇ ನುಂಗಿಕೊಂಡ. ಗಂಡನ ಶವದ ಪಕ್ಕದಲ್ಲಿ ನಿಂತ ಹೆಂಗಸು ಕೇಳುವ ಪ್ರಶ್ನೆ ಇದಲ್ಲ. ದುಃಖಕ್ಕೆ ತಲೆ ಕೆಟ್ಟಿರಬೇಕು ಅನ್ನಿಸಿತು ಅವನಿಗೆ.

"ನಾನು ಕಟಿಂಗ್ ಮೆಷಿನ್‌ನಲ್ಲಿ ಇರೋನಮ್ಮ. ಹಾಜರಿಲಿ ಆರು."

"ಓ, ಆರು. ತಾಯಿ ಹೇಗಿದ್ದಾರೆ ಈಗ? ಔಷಧಿ ಬಿಲ್ಲು ಈ ವರ್ಷ ಕಡಿಮೆ ಆಗಿತ್ತಲ್ಲ."

ಕಟಿಂಗಿನವನು ಕಣ್ಣು ಬಿಟ್ಟ. ತಾಯಿಯ ಕಾಯಿಲೆಯ ವಿಷಯ ಶೆಡ್ಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆಂದು ಬಿಲ್ಲುಗಳನ್ನು ತಂದು ಕೊಟ್ಟದ್ದು ಒಬ್ಬರಿಗೇ. ಆ ಒಬ್ಬರು ಈಗ ಹೂವಿನ ಕೆಳಗೆ, ಮೂಗಿನ ಮೇಲೆ ಕನ್ನಡಕದ ಗುರುತು ಹೊತ್ತು ಮಲಗಿದ್ದರು.

ಅವನ ಹಿಂದೆ ಬಂದವರು ಒಂಬತ್ತು, ಆಮೇಲೆ ಮೂರು. ಮೂರಕ್ಕೆ ಅವಳಿ ಮಕ್ಕಳು, ಒಂಬತ್ತಕ್ಕೆ ಹಳೇ ಸಾಲದ ಕೊನೆಯ ಕಂತು ಹೋದ ತಿಂಗಳಷ್ಟೇ ಮುಗಿದಿತ್ತು. ಒಬ್ಬೊಬ್ಬರ ಮುಖವನ್ನೂ ಆಕೆ ನಂಬರಿಗೆ ತಾಳೆ ನೋಡುತ್ತಿದ್ದಳು. ತಲೆ ಕೆಟ್ಟಿರಲಿಲ್ಲ, ಬಹಳ ದಿನದಿಂದ ಪರಿಚಯವಿದ್ದವರನ್ನು ಮೊದಲ ಸಲ ನೋಡುತ್ತಿದ್ದಳು ಅಷ್ಟೆ.

ತೀರಿಕೊಂಡವನು ರಟ್ಟಿನ ಪೆಟ್ಟಿಗೆ ಮಾಡುವ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದವನು. ಹತ್ತೊಂಬತ್ತು ಜನರ ಸಂಬಳ ಲೆಕ್ಕ ಹಾಕುವುದು, ಅದರಲ್ಲಿ ತೆರಿಗೆ ಮತ್ತು ಪಿಂಚಣಿಯ ಪಾಲು ಹಿಡಿಯುವುದು, ಹಿಡಿದದ್ದನ್ನು ಹದಿನೈದನೇ ತಾರೀಕಿನೊಳಗೆ ಕಚೇರಿಗೆ ಕಟ್ಟಿ ಪಟ್ಟಿ ಸಲ್ಲಿಸುವುದು ಅವನ ಕೆಲಸ. ಕೈಗೆ ಬರಬೇಕಾದದ್ದನ್ನು ಕತ್ತರಿಸುತ್ತಾನೆಂದು ಕೆಲಸಗಾರರು ಅವನಿಗೆ ಕತ್ತರಿ ಎಂದು ಹೆಸರಿಟ್ಟಿದ್ದರು. ಹೆಸರು ಅವನ ಕಿವಿಗೂ ಬಿದ್ದಿತ್ತು. ಕಾನೂನು ಕತ್ತರಿಸುವುದು, ನಾನು ಹಿಡಿ ಮಾತ್ರ ಎಂದು ನಕ್ಕಿದ್ದ.

ಇವತ್ತು ಹದಿನೈದನೇ ತಾರೀಕು. ಇದು ಮಾಲೀಕನಿಗೆ ನೆನಪಾದದ್ದು ಸ್ಮಶಾನದ ಪಡಸಾಲೆಯಲ್ಲಿ ಗೋಡೆ ಕ್ಯಾಲೆಂಡರು ಕಂಡಾಗ. ಪಟ್ಟಿಯಿದ್ದ ಚೀಲವೂ, ಕಂಪ್ಯೂಟರಿಗೆ ಸಿಕ್ಕಿಸಿ ಸಹಿ ಹಾಕುವ ಬೆರಳುದ್ದದ ಕೀಯೂ ಸತ್ತವನ ಮನೆಯಲ್ಲಿದ್ದವು. ಸಂಜೆ ಐದಕ್ಕೆ ಗಡುವು ಮುಗಿಯುತ್ತಿತ್ತು. ಕೇಳಿ ತರಲೇ ಎಂದು ಕಟಿಂಗಿನವನು ಕೇಳಿದ್ದಕ್ಕೆ ಮಾಲೀಕ ಬೇಡವೆಂದು ತಲೆಯಾಡಿಸಿದ.

"ಇವತ್ತು ಆ ಮಾತು ಎತ್ತೋದು ಬೇಡ. ಒಂದು ದಿನ ತಡ ಆದ್ರೆ ದಂಡ ಕಟ್ಟಿದ್ರಾಯ್ತು. ಮನುಷ್ಯತ್ವ ಅನ್ನೋದೂ ಒಂದು ಇರುತ್ತಲ್ಲ."

ಒಳ್ಳೆಯ ಮಾತು. ಮಾಲೀಕ ಕೆಟ್ಟವನಲ್ಲ, ತಾರೀಕುಗಳ ವಿಷಯದಲ್ಲಿ ಸ್ವಲ್ಪ ಮರೆಗುಳಿ, ಅಷ್ಟೆ. ಸುತ್ತ ನಿಂತವರೆಲ್ಲ ಹೌದು ಹೌದು ಎಂದರು. ಕಿಟಕಿಯ ಹತ್ತಿರ ನಿಂತಿದ್ದ ಗೋಂದಿನಕ್ಕ ಮಾತ್ರ ಆ ಕ್ಯಾಲೆಂಡರಿನ ಕಡೆ ತಿರುಗಿ ನೋಡಿದಳು. ಪೆಟ್ಟಿಗೆಯ ಅಂಚಿಗೆ ಗೋಂದು ಹಚ್ಚಿ ಅಂಟಿಸುವ ಹೆಂಗಸು ಅವಳು. ತಿಂಗಳ ಕೊನೆಗೆ ವಯಸ್ಸು ಮುಗಿದು ಮನೆಗೆ ಹೋಗುವವಳು. ಮಾಲೀಕನ ಆ ಒಳ್ಳೆಯ ಮಾತಿನಿಂದ ಅವಳ ಪಿಂಚಣಿ ಹೋಗುತ್ತಿತ್ತು.

*

ಹತ್ತು ವರ್ಷ ಒಂಬತ್ತು ತಿಂಗಳ ಹಿಂದೆ ಅವಳು ಕೆಲಸಕ್ಕೆ ಸೇರಿದಾಗ, ಮೊದಲ ಸಂಬಳದ ಚೀಟಿ ಹಿಡಿದುಕೊಂಡು ಕತ್ತರಿಯ ಮೇಜಿನ ಮುಂದೆ ಬಂದು ನಿಂತಿದ್ದಳು. ಮಗಳ ಶಾಲೆಯ ಬಾಕಿ ಕಟ್ಟದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದಿದ್ದಾರೆ, ಪಿಂಚಣಿ ಗಿಂಚಣಿ ಎಲ್ಲ ಆಮೇಲೆ, ಈಗ ಪೂರ್ತಿ ಕೈಗೆ ಕೊಡಿ ಎಂದು ಬೇಡಿಕೊಂಡಳು. ಹಾಗೆಲ್ಲ ಬರುವುದಿಲ್ಲ ಎಂದ ಕತ್ತರಿ. ಅವಳು ಅಲ್ಲೇ ನಿಂತಿದ್ದಳು. ಅಳಲಿಲ್ಲ, ಹೋಗಲೂ ಇಲ್ಲ.

ಎಂಟು ತಿಂಗಳು ಅವನು ಅವಳ ಹೆಸರನ್ನು ಪಟ್ಟಿಗೆ ಸೇರಿಸಲೇ ಇಲ್ಲ. ಯಾರೂ ಕೇಳಲಿಲ್ಲ. ಮಗಳು ಪಾಸಾದಳು. ಆಮೇಲೆ ಸೇರಿಸಿದ.

ಪಿಂಚಣಿ ಸಿಗಲು ನೂರಿಪ್ಪತ್ತು ತಿಂಗಳು ಕಟ್ಟಿರಬೇಕು. ನಾಲ್ಕು ವರ್ಷದ ಹಿಂದೆ, ಕತ್ತರಿಯ ಎದೆಗೆ ಮೊದಲ ಸಲ ತೊಂದರೆಯಾಗಿ ಅವನು ಆಸ್ಪತ್ರೆಯಲ್ಲಿದ್ದ ವಾರ, ಮಾಲೀಕ ಹದಿನೈದನ್ನು ಮರೆತ. ದಂಡ ಕಟ್ಟಿ ಕೈ ತೊಳೆದುಕೊಂಡ. ತಡವಾಗಿ ಕಟ್ಟಿದ ತಿಂಗಳು ಮುಂದಿನ ತಿಂಗಳಲ್ಲೇ ಬೆರೆತುಹೋಗುತ್ತದೆ, ಎರಡು ಸೇರಿ ಒಂದೇ ಲೆಕ್ಕ. ಉಳಿದವರಿಗೆ ಅದರಿಂದ ಏನೂ ಆಗಲಿಲ್ಲ. ಕತ್ತರಿ ಆಸ್ಪತ್ರೆಯಿಂದ ಬಂದವನೇ ಗೋಂದಿನಕ್ಕನನ್ನು ಕರೆದು ಎದುರಿಗೆ ಕೂರಿಸಿ, ಬೆರಳು ಮಡಿಸಿ ಮಡಿಸಿ ಎಣಿಸಿ ತೋರಿಸಿದ.

"ನಿಮಗೆ ಅರವತ್ತು ತುಂಬೋ ತಿಂಗಳಿಗೆ ಸರಿಯಾಗಿ ನೂರಿಪ್ಪತ್ತು ಆಗುತ್ತೆ. ಒಂದು ಜಾಸ್ತಿ ಇಲ್ಲ. ಅವತ್ತು ನಾನು ಮಾಡಿದ್ದು ತಪ್ಪಕ್ಕ. ಇನ್ನು ಒಂದೂ ತಪ್ಪಬಾರದು. ಮುಗಿಯೋವರೆಗೂ ನಾನೇ ಇರ್ತೀನಿ."

*

ಗೋರಿಯ ಪಕ್ಕದಲ್ಲಿ ಮಾಲೀಕ ನಾಲ್ಕು ಮಾತಾಡಿದ. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಸಲವೂ ನಿಯಮ ಮೀರಿದ ಮನುಷ್ಯ ಅಲ್ಲ, ತಪಾಸಣೆಗೆ ಬಂದವರೇ ಇವರ ಪಟ್ಟಿ ನೋಡಿ ಕೈ ಕುಲುಕಿ ಹೋಗುತ್ತಿದ್ದರು ಎಂದ. ಗೋಂದಿನಕ್ಕ ತಲೆ ತಗ್ಗಿಸಿದಳು. ತನಗೆ ಯಾಕೆ ಒಂದು ದಿನವೂ ತಡವಾಗಬಾರದು ಎಂದು ಬಾಯಿ ಬಿಟ್ಟರೆ, ಆ ಎಂಟು ತಿಂಗಳ ಕತೆಯನ್ನೂ ಹೇಳಬೇಕಾಗುತ್ತದೆ. ಇನ್ನೂ ಮಣ್ಣು ಮುಚ್ಚದವನ ಹೆಸರಿಗೆ ಮಸಿ ಬಳಿಯುವುದು ಅವಳ ಕೈಲಾಗುವ ಕೆಲಸವಲ್ಲ. ಪಿಂಚಣಿ ಇಲ್ಲದೆ ಎಷ್ಟು ಜನ ಬದುಕಿಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ಮಗಳ ಮನೆಯಲ್ಲಿ ಅಳಿಯನ ಮುಖ ನೋಡಿಕೊಂಡು ಊಟಕ್ಕೆ ಕೂರುವ ಬದುಕು ಅವಳಿಗೆ ಬೇಕಿರಲಿಲ್ಲ. ಅವಳಿಗೆ ನಿಜಕ್ಕೂ ಭಯವಾಗಿತ್ತು.

*

ತಿಂಗಳಿಗೊಂದು ಸಂಜೆ ಕತ್ತರಿಯ ಅಡುಗೆಮನೆಯ ಮೇಜು ಖಾಲಿಯಾಗುತ್ತಿತ್ತು. ಪಾತ್ರೆ ತೊಳೆದಾದ ಮೇಲೆ ಗಂಡ ಒಂದು ಪ್ರತಿ, ಹೆಂಡತಿ ಇನ್ನೊಂದು ಪ್ರತಿ ಹಿಡಿದು ಎದುರುಬದುರು ಕೂರುತ್ತಿದ್ದರು. ಅವನು ಓದುವುದು, ಅವಳು ಗುರುತು ಹಾಕುವುದು. ಒಬ್ಬನೇ ಎರಡು ಸಲ ನೋಡಿದರೆ ಒಂದೇ ತಪ್ಪು ಎರಡು ಸಲ ಸರಿಯಾಗಿ ಕಾಣುತ್ತದೆ ಎನ್ನುತ್ತಿದ್ದ. ಹೆಸರು ಮಾತ್ರ ಹೇಳುತ್ತಿರಲಿಲ್ಲ. ಜನರ ಮನೆಯ ವಿಷಯ ನಮ್ಮ ಮನೆಗೆ ಬರಬಾರದೆಂದು ಎಲ್ಲರನ್ನೂ ನಂಬರಾಗಿಸಿಕೊಂಡು ಬರುತ್ತಿದ್ದ. ಆದರೂ ವರ್ಷಗಟ್ಟಲೆ ಕೇಳಿದ ಮೇಲೆ ನಂಬರುಗಳಿಗೂ ಕಾಯಿಲೆ ಕಸಾಲೆ, ಮದುವೆ ಮುಂಜಿ, ಸಾಲ ಸೋಲ ಎಲ್ಲ ಅಂಟಿಕೊಂಡವು. ಎರಡಕ್ಕೆ ಬಡ್ತಿ ಸಿಕ್ಕ ತಿಂಗಳು ಆಕೆ ಸುಮ್ಮನೆ ಖುಷಿಪಟ್ಟಿದ್ದಳು.

ಹದಿನಾಲ್ಕು ಬಂದಾಗ ಮಾತ್ರ ಅವನ ಧ್ವನಿ ಇಳಿಯುತ್ತಿತ್ತು. ಮೊತ್ತ ಓದಿ, ಆಮೇಲೆ ಪಟ್ಟಿಯಲ್ಲಿಲ್ಲದ ಒಂದು ಸಂಖ್ಯೆಯನ್ನು ಬಾಯಲ್ಲೇ ಗೊಣಗುತ್ತಿದ್ದ. ನೂರ ಹದಿನಾರು. ಮರುತಿಂಗಳು ನೂರ ಹದಿನೇಳು. ಏನದು ಎಂದು ಕೇಳಿದರೆ ಮಾತು ಹಾರಿಸುತ್ತಿದ್ದ. ಹದಿನಾಲ್ಕು ಹೆಂಗಸು ಅನ್ನುವುದು ಹೆರಿಗೆ ರಜೆಯ ಕಾಲಂ, ಗಂಡಸರಿಗೆ ಎಳೆಯುವ ಅಡ್ಡಗೆರೆಯಿಲ್ಲದೆ ಇದ್ದದ್ದರಿಂದ ಆಕೆಗೆ ಗೊತ್ತಾಗಿತ್ತು. ಅಲ್ಲಿಂದ ಒಂದು ಸಣ್ಣ ಮುಳ್ಳು. ಡಾಕ್ಟರು ಸಾಕು ಮಾಡಿ ಎಂದರೂ, ತಾನು ಜಗಳ ಕಾದರೂ ಈ ಮನುಷ್ಯ ಕೆಲಸ ಬಿಡದೆ ಇನ್ನು ಸ್ವಲ್ಪ ತಿಂಗಳು, ಇನ್ನು ಸ್ವಲ್ಪ ತಿಂಗಳು ಎಂದು ಹೇಳುತ್ತ ಬಂದದ್ದಕ್ಕೂ ಆ ಇಳಿದ ಧ್ವನಿಗೂ ಏನೋ ನಂಟಿದೆ ಅನ್ನಿಸುತ್ತಿತ್ತು.

ಮೊನ್ನೆ ಸಂಜೆ ಹದಿಮೂರರವರೆಗೆ ಓದಿ ಅವನು ಕಾಗದ ಕೆಳಗಿಟ್ಟ. ಎದೆ ಹಿಡಿದ ಹಾಗಿದೆ, ಉಳಿದದ್ದು ನಾಳೆ ಎಂದ. ನಾಳೆ ಅವನಿಗೆ ಬರಲಿಲ್ಲ.

*

ಮಣ್ಣಾದ ಮೇಲೆ ಪಡಸಾಲೆಯಲ್ಲಿ ಎಲ್ಲರಿಗೂ ಚಹಾ ಕೊಟ್ಟರು. ಆಕೆ ಲೋಟ ಕೈಯಲ್ಲಿ ಹಿಡಿದು ಕುಳಿತು ಮನಸ್ಸಿನಲ್ಲೇ ಎಣಿಸಿದಳು. ಹದಿನೆಂಟು ಜನ ಬಂದು ಮಾತಾಡಿಸಿದ್ದರು. ಹತ್ತಿರದಲ್ಲಿದ್ದ ಕಟಿಂಗಿನವನನ್ನು ಕರೆದು, ಹದಿನಾಲ್ಕು ಬಂದಿಲ್ಲವೇ ಎಂದು ಕೇಳಿದಳು. ಅವನು ಬಾಗಿಲ ಕಡೆ ಕೈ ತೋರಿಸಿದ. ಗೋಂದಿನಕ್ಕ ಯಾರಿಗೂ ಹೇಳದೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಳು.

ಆಕೆ ಎದ್ದು ಹೋಗಿ ಅವಳ ಮುಂದೆ ನಿಂತಳು. ನರೆತ ಕೂದಲು, ಬಾಗಿದ ಭುಜ, ತನಗಿಂತ ಸುಸ್ತಾದ ಮುಖ. ಇಷ್ಟು ದಿನ ಕಲ್ಪಿಸಿಕೊಂಡ ಹೆಂಗಸು ಇವಳಲ್ಲವೇ ಅಲ್ಲ.

"ಎಲ್ಲರೂ ಮಾತಾಡಿಸಿದ್ರು. ನೀವು ಬರಲಿಲ್ಲ. ನೂರ ಹತ್ತೊಂಬತ್ತು ಅಂದ್ರೆ ಏನು? ಹೋದ ತಿಂಗಳು ಅವರು ಹೇಳಿದ್ದು."

ಗೋಂದಿನಕ್ಕ ಅತ್ತಿತ್ತ ನೋಡಿದಳು. ಮೆಟ್ಟಿಲ ಪಕ್ಕಕ್ಕೆ ಕರೆದುಕೊಂಡು ಹೋಗಿ, ಹೊರಗೆ ಕೇಳದಷ್ಟು ಸಣ್ಣ ಧ್ವನಿಯಲ್ಲಿ ಎಲ್ಲ ಹೇಳಿದಳು. ಶಾಲೆಯ ಬಾಕಿ, ಎಂಟು ತಿಂಗಳು, ಆಸ್ಪತ್ರೆಯ ವಾರ, ಇವತ್ತಿನ ಗಡುವು. ನನಗಾಗಿ ಕೇಳ್ತಿಲ್ಲ, ನೀವು ಕೇಳಿದ್ದಕ್ಕೆ ಹೇಳಿದೆ, ಇಲ್ಲಿಗೇ ಬಿಟ್ಟುಬಿಡಿ ಎಂದಳು.

ಆಕೆಯ ಮನಸ್ಸಿನ ಮುಳ್ಳೇನೋ ಬಿದ್ದುಹೋಯಿತು. ಅದರ ಜಾಗಕ್ಕೆ ಸಿಟ್ಟು ಬಂತು. ನಾಲ್ಕು ವರ್ಷ. ಎದೆಗೆ ಕೈ ಇಟ್ಟುಕೊಂಡು ಮೆಟ್ಟಿಲು ಹತ್ತಿದ ನಾಲ್ಕು ವರ್ಷ, ಮನೆಯಲ್ಲಿ ತನ್ನ ಜೊತೆ ಕಳೆಯಬೇಕಾಗಿದ್ದದ್ದು.

"ಕೆಲಸ ಬಿಡಿ ಅಂತ ದಿನಾ ಬೈದಿದ್ದೀನಿ ಅವರಿಗೆ. ಒಂದು ಮಾತು ಹೇಳಿದ್ರೆ ಬೈತಾ ಇರಲಿಲ್ಲ." ತಾನೇ ತಿದ್ದಿಕೊಂಡಳು. "ಬೈತಿದ್ದೆ. ಆದ್ರೂ ಹೇಳಬಹುದಿತ್ತು."

ಗೋಂದಿನಕ್ಕ ಅಳತೊಡಗಿದಳು. ಆಕೆಗೂ ಆಗಲೇ ಅಳು ಬಂದದ್ದು, ಬೆಳಗಿನಿಂದ ಮೊದಲ ಸಲ. ಅತ್ತು ಮುಗಿದ ಮೇಲೆ ಗಂಟೆ ಎಷ್ಟಾಯಿತೆಂದು ಕೇಳಿದಳು. ಎರಡೂವರೆಯಾಗಿತ್ತು.

ಮಾಲೀಕನ ಮುಂದೆ ಆಕೆ ಎಂಟು ತಿಂಗಳ ಸುದ್ದಿಯನ್ನೇ ಎತ್ತಲಿಲ್ಲ.

"ದಂಡ ಕಟ್ಟೋಷ್ಟು ದುಡ್ಡು ನಿಮ್ಮ ಹತ್ರ ಇರಬಹುದು. ಅವರ ಕೊನೇ ಪಟ್ಟಿ ತಡವಾಗಿ ಹೋಗೋದು ನನಗೆ ಬೇಡ. ಚೀಲ ತಗೊಂಡು ಬರ್ತೀನಿ, ಶೆಡ್ಡು ಬಾಗಿಲು ತೆಗೀರಿ."

*

ಯಂತ್ರಗಳೆಲ್ಲ ನಿಂತ ಶೆಡ್ಡು ಆಕೆ ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಗಂಡನ ಕುರ್ಚಿಯಲ್ಲಿ ಕೂರಲು ಮನಸ್ಸಾಗದೆ ಒಂದು ಸ್ಟೂಲು ಎಳೆದುಕೊಂಡಳು. ಮಾಲೀಕ ಕಂಪ್ಯೂಟರಿನ ಮುಂದೆ ಕುಳಿತು, ತನ್ನದೇ ಶೆಡ್ಡಿನ ಸಂಬಳವನ್ನು ಹೊಸದಾಗಿ ಸೇರಿದವನಂತೆ ತಡವರಿಸುತ್ತ ಓದಿದ. ಆಕೆ ಹದಿನಾಲ್ಕರಿಂದ ಗುರುತು ಹಾಕಿಕೊಂಡು ಹೋದಳು. ಒಟ್ಟು ಮೊತ್ತ ಕೂಡಿಬರಲಿಲ್ಲ. ಮಾಲೀಕ ಬೆವರಿದ. ಹದಿನಾರಕ್ಕೆ ಮುಂಗಡವನ್ನು ಈ ತಿಂಗಳೂ ಹಿಡಿದಿದ್ದೀರಿ, ಅವರದು ಹೋದ ತಿಂಗಳೇ ತೀರಿತು ಎಂದಳು ಆಕೆ. ತಿದ್ದಿದ ಮೇಲೆ ಸರಿಹೋಯಿತು. ಮಾಲೀಕ ಆಕೆಯ ಮುಖವನ್ನು ಒಂದು ಕ್ಷಣ ನೋಡಿ, ಏನೋ ಕೇಳಬೇಕೆಂದುಕೊಂಡವನು ಇವತ್ತಲ್ಲ ಎಂದು ಮತ್ತೆ ಪರದೆಯ ಕಡೆ ತಿರುಗಿದ.

ನಾಲ್ಕೂ ಇಪ್ಪತ್ತಕ್ಕೆ ಕೀ ಹಾಕಿ ಕಳಿಸಿದರು. ಸ್ವೀಕರಿಸಲಾಗಿದೆ ಎಂಬ ಒಂದು ಸಾಲು ಬಂತು. ಆಕೆ ಎರಡು ಪ್ರತಿ ಮುದ್ರಿಸಲು ಹೇಳಿ, ಒಂದನ್ನು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದಳು.

ಜೊತೆಗೆ ಬಂದಿದ್ದ ಗೋಂದಿನಕ್ಕ ಹೊರಗಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ಇವತ್ತು ಯಾರೂ ಗೋಂದು ಮುಟ್ಟಿರಲಿಲ್ಲ. ಆದರೂ ಉಜ್ಜಿ ಉಜ್ಜಿ ತೊಳೆದಳು. ಒದ್ದೆ ಕೈಯನ್ನು ಮುಂದೆ ಚಾಚಿ, ಕಾಗದ ಹಾಳಾದೀತೆಂದು ಮತ್ತೆ ಹಿಂದಕ್ಕೆಳೆದುಕೊಂಡಳು. ಆಕೆ ಕಾಗದವನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಕೈಗಳನ್ನು ಹತ್ತಿರಕ್ಕೆ ಎಳೆದಳು. ತನ್ನ ಹೆಗಲ ಮೇಲಿದ್ದ ಕಪ್ಪು ಶಾಲಿನ ತುದಿಯಿಂದ, ಅಂಟಿಸಿ ಅಂಟಿಸಿ ಗಡುಸಾಗಿದ್ದ ಆ ಬೆರಳುಗಳನ್ನು ಒಂದೊಂದಾಗಿ ಹಿಡಿದು, ಸಂದುಗಳಲ್ಲೂ ತೇವ ಉಳಿಯದ ಹಾಗೆ ಒರೆಸಿದಳು.