ಎರಡು ಕಾರ್ಬೊರೇಟರ್, ಒಂದೇ ತೂತು

ತಪ್ಪಾಯಿತು ಅನ್ನುವುದು ನನ್ನ ಬಾಯಿಗೆ ಬರುವುದಿಲ್ಲ. ಬೇಕಾದರೆ ನನ್ನ ಗಂಡ ಭೀಮಾಶಂಕರನನ್ನು ಕೇಳಿ. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಆ ಮಾತು ಒಮ್ಮೆಯೂ ಕಿವಿಗೆ ಬಿದ್ದಿಲ್ಲ ಅಂತ ಅವನೇ ಹೇಳುತ್ತಾನೆ. ಹಾಗಾಗಿ ನಾಗಣ್ಣ ಮಾಮನಿಗೆ ತಪ್ಪಾಯಿತು ಅನ್ನುವ ಬದಲು ನಾನು ಒಂದು ರೇಸ್ ಕಾರು ಕಟ್ಟಲು ಕೂತೆ. ಗೇಣುದ್ದದ ಕಾರು. ನಿಜವಾದ ಗಾಡಿಯ ಇಪ್ಪತ್ತನಾಲ್ಕನೇ ಒಂದು ಪಾಲು.

ನಾನು ಬಸವೇಶ್ವರಿ. ಶಹಾಪುರದಲ್ಲಿ ನನ್ನದೊಂದು ಹಲ್ಲಿನ ಲ್ಯಾಬು ಇದೆ. ದವಾಖಾನೆಗಳಿಂದ ಬಾಯಿಯ ಅಚ್ಚು ಬರುತ್ತದೆ, ನಾನು ಹಲ್ಲಿನ ಸೆಟ್ಟು ಮಾಡಿ ಕಳಿಸುತ್ತೇನೆ. ಮೂರು ವರ್ಷದ ಹಿಂದೆ ಮೊಬೈಲಿನಲ್ಲಿ ಯಾರೋ ಪ್ಲಾಸ್ಟಿಕ್ ಕಿಟ್ಟಿನ ಕಾರನ್ನು ಕೊರೆದು, ಅಗಲಿಸಿ, ರೇಸ್ ಕಾರು ಮಾಡುವುದನ್ನು ನೋಡಿದೆ. ಅವನ ಹತ್ತಿರ ಇದ್ದದ್ದೆಲ್ಲ ನನ್ನ ಮೇಜಿನ ಮೇಲೆಯೇ ಇತ್ತು. ಸಣ್ಣ ಡ್ರಿಲ್ಲು, ಅರ, ಸ್ಟೀಲ್ ತಂತಿ, ಒಸಡು ಮಾಡಲು ಬಳಸುವ, ಕಲಸಿದ ಹತ್ತು ನಿಮಿಷಕ್ಕೆ ಕಲ್ಲಾಗುವ ಗುಲಾಬಿ ಪುಡಿ. ಆವತ್ತೇ ಒಂದು ಕಿಟ್ಟು ತರಿಸಿದೆ. ಆಮೇಲೆ ಹುಚ್ಚು ಹಿಡಿಯಿತು. ಈಗ ಲ್ಯಾಬಿನ ಕಪಾಟಿನಲ್ಲಿ ಹಲ್ಲಿನ ಸಾಲಿನ ಕೆಳಗೆ ಏಳು ರೇಸ್ ಕಾರು ನಿಂತಿವೆ. ಏಳಕ್ಕೂ ಒಸಡಿನ ಬಣ್ಣದ ಮಡ್‌ಗಾರ್ಡು, ಮೇಲೆ ಪೇಂಟು.

ನಾಗಣ್ಣ ಮಾಮ ನನ್ನ ಅವ್ವನ ತಮ್ಮ. ಸುರಪುರದ ಮಗ್ಗುಲಿಗೇ ಇರುವ ರಂಗಂಪೇಟೆಯಲ್ಲಿ ಅವನ ಗ್ಯಾರೇಜು. ಹರೆಯದಲ್ಲಿ ಹೈದರಾಬಾದಿಗೆ ಹೋಗಿ ನಾಲ್ಕು ವರ್ಷ ಮೆಕ್ಯಾನಿಕ್ಕನಾಗಿದ್ದ. ಅಲ್ಲಿನ ಮಾಲೀಕ ಒಂದು ಹಳೇ ಫಿಯಾಟನ್ನು ರೇಸಿಗೆ ತಯಾರು ಮಾಡಿಸಿದನಂತೆ, ಅದರ ಇಂಜಿನ್ನಿಗೆ ಕೈ ಹಾಕಿದವನು ಮಾಮನೇ ಅಂತೆ, ಮದರಾಸಿನ ರೇಸಿಗೆ ಒಯ್ದರಂತೆ, ಮೂರನೇ ನಂಬರು ಬಂತಂತೆ. ಫೋಟೋ ಇಲ್ಲ. ಮಾಲೀಕ ತೀರಿಕೊಂಡ, ಗಾಡಿ ಗುಜರಿಗೆ ಹೋಯಿತು. ಉಳಿದದ್ದು ಮಾಮನ ಬಾಯಿಮಾತು ಮಾತ್ರ.

ಆ ಬಾಯಿಮಾತಿನಲ್ಲಿ ಎಲ್ಲರಿಗೂ ಒಂದು ಹುಳುಕು ಸಿಕ್ಕಿತ್ತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಒಂದರ ಬದಲು ಎರಡು ಕೂಡಿಸಿದೆವು, ಬಾನೆಟ್ಟು ಮುಚ್ಚಲಿಲ್ಲ, ಅದಕ್ಕೆ ಬಾನೆಟ್ಟಿಗೇ ತೂತು ಕೊರೆದು ಮುಚ್ಚಿದೆವು ಅನ್ನುತ್ತಿದ್ದ. ಎಷ್ಟು ತೂತು ಅಂದರೆ ಒಂದು. ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದ ದೇವಿಂದ್ರ ಕಾಕಾ ದಿನಾ ಗ್ಯಾರೇಜಿನ ಬೆಂಚಿನ ಮೇಲೆ ಕೂತು ಇದನ್ನೇ ಹಿಡಿದು ಜಗ್ಗುತ್ತಿದ್ದ. ಎರಡೂ ಒಂದೇ ಎತ್ತರದವು, ಒಂದು ಬಾನೆಟ್ಟಿಗೆ ಬಡಿದರೆ ಇನ್ನೊಂದೂ ಬಡಿಯಬೇಕಲ್ಲ ಅನ್ನುತ್ತಿದ್ದ. ಮಾಮ ಒಂದೇ ಇತ್ತು ಅಂತ ಅಷ್ಟೇ ಹೇಳುತ್ತಿದ್ದ.

ನಮ್ಮ ಹೊಸ ಮನೆಯ ಗೃಹಪ್ರವೇಶದ ದಿನ, ಪಂಕ್ತಿಯಲ್ಲಿ ಬೀಗರ ಮುಂದೆ ಮಾಮ ಆ ಕಥೆ ತೆಗೆದ. ಹೋಳಿಗೆ ಬಡಿಸುತ್ತಿದ್ದ ನನಗೆ ಬಾಯಿ ಕಟ್ಟಿಕೊಂಡು ಇರಲಾಗಲಿಲ್ಲ.

"ಮಾಮಾ, ಸುಳ್ಳು ಹೇಳೂದಾದ್ರ ತೂತಿನ ಲೆಕ್ಕಾನರ ಹಾಕಿ ಹೇಳು," ಅಂದೆ.

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮಾಮ ಎಲೆಯಲ್ಲಿದ್ದದ್ದನ್ನು ಉಂಡು, ಕೈ ತೊಳೆದು, ಹೋದ. ಆಮೇಲೆ ಎಂಟು ತಿಂಗಳು ನಮ್ಮ ಹೊಸ್ತಿಲು ತುಳಿಯಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಯಾರ ಮುಂದೆಯೂ ಆ ಕಥೆ ಎತ್ತಲಿಲ್ಲ. ದೇವಿಂದ್ರ ಕಾಕಾ ತಾನಾಗಿ ಕೆಣಕಿದರೂ ಮಾಮ ಅದನ್ನ ಬಿಡ್ರಿ ಅನ್ನುತ್ತಾನೆ ಅಂತ ಸುದ್ದಿ ಬಂತು. ನಲವತ್ತು ವರ್ಷ ಹೇಳಿದ ಕಥೆ. ನನ್ನ ಒಂದು ಮಾತಿಗೆ ನಿಂತಿತ್ತು.

ಹಳೇ ಫಿಯಾಟಿನ ಕಿಟ್ಟು ಹುಡುಕಿ ತರಿಸಿ, ಡಬ್ಬಿ ಸಮೇತ ರಂಗಂಪೇಟೆಗೆ ಹೋದೆ.

"ಮಾಮಾ, ನಿನ್ನ ರೇಸ್ ಗಾಡಿ ಮಾಡಾಕತ್ತೀನಿ. ಅಳತಿ ಹೇಳು."

"ಸುಳ್ಳಿಗೆ ಎಲ್ಲಿ ಅಳತಿ ಇರ್ತದವ್ವಾ," ಅಂದ ಮಾಮ, ಕೈಯಲ್ಲಿದ್ದ ಸ್ಪಾನರ್ ಕೆಳಗಿಡದೆ.

ಚೆನ್ನಾಗಿ ಬಿತ್ತು ನನಗೆ. ಆದರೂ ಎದ್ದು ಬರಲಿಲ್ಲ.

"ನೀ ಹೇಳದಿದ್ರ ಬಿಡು, ನನಗ ತಿಳಿದಂಗ ಮಾಡ್ತೀನಿ. ಕೆಂಪು ಬಣ್ಣ ಬಳೀತೀನಿ, ಹಿಂದ ದೊಡ್ಡ ರೆಕ್ಕಿ ಹಚ್ತೀನಿ, ನಿನ್ನ ಹೆಸರು ಬರದು ಸುರಪುರ ಬಸ್ ಸ್ಟ್ಯಾಂಡಿನ್ಯಾಗ ಇಡ್ತೀನಿ."

ಮಾಮನ ಮುಖಕ್ಕೆ ಸಿಟ್ಟು ಬಂತು. "ರೆಕ್ಕಿ ಎಲ್ಲಿತ್ತ ಅದಕ್ಕ? ಹಳದಿ ಇತ್ತು ಗಾಡಿ. ಮುಂದಿನ ಬಂಪರ್ ತಗದಿದ್ವಿ. ಕುಂದ್ರೋದು ಒಂದ ಸೀಟು."

ಅಷ್ಟು ಸಾಕಿತ್ತು. ಬಾಯಿ ಬಿಟ್ಟನಲ್ಲ.

ಆದರೆ ಮಾಮ ಹೇಳುವ ಅಳತೆಯೆಲ್ಲ ಬೆರಳಿನದು. ಮಡ್‌ಗಾರ್ಡು ನಾಲ್ಕು ಬೆರಳು ಹೊರಗೆ, ಕಾರ್ಬೊರೇಟರ್ ಒಂದು ಗೇಣಿಗೆ ಎರಡು ಬೆರಳು ಕಡಿಮೆ. ಇಂಚು, ಮಿಲಿಮೀಟರು ಅವನ ಬಾಯಲ್ಲಿ ಇಲ್ಲ. ನಾನು ಹಲ್ಲಿನ ದಪ್ಪ ನೋಡುವ ಕ್ಯಾಲಿಪರ್ ತೆಗೆದು ಅವನ ಒಂದೊಂದೇ ಬೆರಳನ್ನು ಅಳೆದೆ. ಗ್ರೀಸ್ ಹತ್ತಿದ ಬೆರಳು, ಒಂದೊಂದೂ ಹತ್ತೊಂಬತ್ತು ಮಿಲಿಮೀಟರ್. ಹೆಬ್ಬೆರಳು ಇಪ್ಪತ್ತಮೂರು. ಗೇಣನ್ನು ಸ್ಕೇಲಿನಿಂದ ಅಳೆದು ಎಲ್ಲ ಬರೆದುಕೊಂಡೆ. ಬೆರಳನ್ನು ಇಪ್ಪತ್ತನಾಲ್ಕರಿಂದ ಭಾಗಿಸಿದರೆ ನನ್ನ ಅಳತೆ.

"ಇಂಜಿನ್ ಮುಂದಿನ ಎರಡು ಕಾಲಿನ ಕೆಳಗ ಲಾರಿ ಟೈರಿನ ರಬ್ಬರ್ ಕೊಯ್ದು ಇಟ್ಟಿದ್ವಿ," ಅಂದ ಹೊರಡುವ ಹೊತ್ತಿಗೆ. "ಎರಡು ಬೆರಳ ದಪ್ಪ. ಇಲ್ಲಂದ್ರ ಇಂಜಿನ್ ಹೊಟ್ಟಿ ಕೆಳಗಿನ ಕಬ್ಬಿಣಕ್ಕ ಬಡೀತಿತ್ತು."

"ತೂತು ಎಲ್ಲಿತ್ತು?"

ಮಾಮ ಕಿಟ್ಟಿನ ಬಾನೆಟ್ಟು ಕೈಗೆ ತೆಗೆದುಕೊಂಡು, ಮುಂಭಾಗದಲ್ಲಿ ಒಂದು ಬದಿಗೆ ಉಗುರಿನಿಂದ ಗೀರಿದ.

ಮೂರು ವಾರ ಮಧ್ಯಾಹ್ನದ ಊಟದ ಹೊತ್ತೆಲ್ಲ ಆ ಕಾರಿಗೇ ಹೋಯಿತು. ಕಿಟ್ಟು ಪರದೇಶದ್ದು, ಸ್ಟೇರಿಂಗು ಎಡಕ್ಕೆ. ಡ್ಯಾಶ್‌ಬೋರ್ಡನ್ನು ಎರಡು ತುಂಡು ಮಾಡಿ ಬಲಕ್ಕೆ ತಂದೆ. ಹಿಂದಿನ ಸೀಟು ಕಿತ್ತೆ. ಹಲ್ಲಿಗೆ ಕಟ್ಟುವ ತಂತಿ ಬಗ್ಗಿಸಿ ಡ್ರೈವರಿನ ತಲೆ ಮೇಲಿನ ಕಮಾನು ಮಾಡಿದೆ. ಗುಲಾಬಿ ಪುಡಿ ಕಲಸಿ ಮಡ್‌ಗಾರ್ಡನ್ನು ನಾಲ್ಕು ಬೆರಳಷ್ಟು ಉಬ್ಬಿಸಿದೆ. ಕಿಟ್ಟಿನ ಇಂಜಿನ್ನಿನ ಮೇಲೆ ಮಾಮನ ಗೇಣು, ಬೆರಳು ಲೆಕ್ಕ ಹಿಡಿದು ಎರಡು ಕಾರ್ಬೊರೇಟರ್ ಕೆತ್ತಿ ಒಂದರ ಹಿಂದೆ ಒಂದು ಕೂಡಿಸಿದೆ. ಒಂದೊಂದೂ ಅಕ್ಕಿ ಕಾಳಿಗಿಂತ ತುಸು ದೊಡ್ಡದು. ಮುಂದಿನ ಕಾಲುಗಳ ಕೆಳಗೆ ಒಂದೂವರೆ ಮಿಲಿಮೀಟರ್ ಚಿಲ್ಲರೆ ದಪ್ಪದ ರಬ್ಬರ್ ಇಟ್ಟೆ, ಅವನು ಹೇಳಿದ್ದಕ್ಕೆ ಅಷ್ಟೇ. ಯಾಕೆ ಅಂತ ನಾನು ಯೋಚಿಸಲಿಲ್ಲ.

ಉಳಿದದ್ದು ಬಾನೆಟ್ಟು. ನಿಜ ಹೇಳುತ್ತೇನೆ, ನಾನು ಎರಡು ತೂತು ಕೊರೆಯಲು ಹೊರಟಿದ್ದೆ. ಕೈಗೆ ಅದೇ ರೂಢಿ. ಬಾಯಲ್ಲಿ ಎಡಕ್ಕೊಂದು ಹಲ್ಲಿದ್ದರೆ ಬಲಕ್ಕೊಂದು ಕೂಡಿಸಬೇಕು, ಇಲ್ಲದಿದ್ದರೆ ಡಾಕ್ಟರು ವಾಪಸ್ ಕಳಿಸುತ್ತಾರೆ. ಮಾಮನ ಮರ್ಯಾದೆಗೂ ಎರಡೇ ಒಳ್ಳೆಯದು, ನೋಡಿದವರು ನಗುವುದಿಲ್ಲ ಅಂದುಕೊಂಡೆ. ಅವನ ಸುಳ್ಳನ್ನು ನಾನೇ ರಿಪೇರಿ ಮಾಡಿ ಕೊಡುತ್ತಿದ್ದೇನೆ ಅನ್ನುವ ಸೊಕ್ಕೂ ಇತ್ತು. ಪೆನ್ಸಿಲಿನಲ್ಲಿ ಎರಡು ಗುಂಡು ಗುರುತು ಹಾಕಿದೆ.

ಆದರೆ ಒಮ್ಮೆ ಕೊರೆದ ಪ್ಲಾಸ್ಟಿಕ್ಕು ಮರಳಿ ಬರುವುದಿಲ್ಲ. ಎಲ್ಲಿ ತಗಲುತ್ತದೆ ಅಂತ ಮೊದಲು ನೋಡೋಣ ಅಂತ ನೀಲಿ ಕಾಗದ ತೆಗೆದೆ. ಹೊಸ ಹಲ್ಲು ಕೂಡಿಸಿದ ಮೇಲೆ ಡಾಕ್ಟರು ಕಚ್ಚಿಸುತ್ತಾರಲ್ಲ, ಅದೇ ಕಾಗದ. ಎಲ್ಲಿ ಎತ್ತರವಿದೆಯೋ ಅಲ್ಲಿ ನೀಲಿ ಕಲೆ ಬೀಳುತ್ತದೆ. ಇಂಜಿನ್ನಿನ ಮೇಲೆ ಕಾಗದ ಹಾಸಿ, ಬಾನೆಟ್ಟು ಇಟ್ಟು, ಒತ್ತಿ, ತಿರುವಿ ನೋಡಿದೆ.

ಒಂದೇ ಕಲೆ.

ಕಾಗದ ಜರುಗಿರಬೇಕು ಅಂತ ಮತ್ತೆ ಒತ್ತಿದೆ. ಮುಂದಿನದು ಗಾಢ ನೀಲಿ, ಹಿಂದಿನ ಜಾಗದಲ್ಲಿ ಏನೂ ಇಲ್ಲ. ಹೊಸ ಕಾಗದ ಹಾಕಿದೆ. ಒಂದೇ. ಆಗ ತಲೆಗೆ ಹೊಳೆಯಿತು. ರಬ್ಬರ್. ಎರಡು ಬೆರಳಿನ ರಬ್ಬರ್ ಇಂಜಿನ್ನಿನ ಮುಂದಿನ ತುದಿಯನ್ನಷ್ಟೇ ಎತ್ತುತ್ತದೆ. ಬಾನೆಟ್ಟೋ, ಮುಂದಕ್ಕೆ ಬಂದಂತೆ ಇಳಿಜಾರು. ಮುಂದಿನದು ಬಡಿಯುತ್ತದೆ, ಹಿಂದಿನದು ಬಡಿಯುವುದಿಲ್ಲ. ಬಾನೆಟ್ಟನ್ನು ಬೆಳಕಿಗೆ ಹಿಡಿದು ಮೇಲ್ಭಾಗ ನೋಡಿದೆ. ಪ್ಲಾಸ್ಟಿಕ್ಕಿನ ಆಚೆ ಕಾಣುತ್ತಿದ್ದ ನೀಲಿ ಕಲೆ ಮಾಮನ ಉಗುರಿನ ಗೀರಿನ ಕೆಳಗೇ ಇತ್ತು.

ಸುಳ್ಳು ಹೇಳುವವನಾಗಿದ್ದರೆ ಎರಡು ತೂತು ಹೇಳುತ್ತಿದ್ದ. ಒಂದು ಅನ್ನಬೇಕಾದರೆ ಆ ಗಾಡಿಯನ್ನು ಕಣ್ಣಾರೆ ನೋಡಿರಬೇಕು.

ಬಣ್ಣ ಬಳಿಯುವಷ್ಟು ತಾಳ್ಮೆ ಯಾರಿಗಿತ್ತು. ಹಲ್ಲಿನ ಡಾಕ್ಟರಿಗೆ ಫೋನು ಮಾಡಿ ಇವತ್ತು ಸೆಟ್ಟು ಬರುವುದಿಲ್ಲ, ಪೇಶಂಟಿಗೆ ಅಂಬಲಿ ಕುಡಿಯಲು ಹೇಳಿ ಅಂದೆ. ಊಟದ ಡಬ್ಬಿ ತೊಳೆದು, ಹತ್ತಿ ಹಾಸಿ, ಕಾರನ್ನು ಮಲಗಿಸಿ, ಸುರಪುರದ ಬಸ್ಸು ಹತ್ತಿದೆ. ಭೀಮಾಶಂಕರನಿಗೆ ಭೀಮರಾಯನಗುಡಿಯ ಆಫೀಸಿನಲ್ಲಿ ಕೆಲಸ. ಫೋನು ಮಾಡಿದ್ದಕ್ಕೆ ಸ್ಟಾಪಿಗೆ ಬಂದು ನಿಂತಿದ್ದ. ಕಿಟಕಿಯಿಂದಲೇ ಡಬ್ಬಿ ತೆರೆದು ಕಲೆ ತೋರಿಸಿ, ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಛಲೋ ಆತು," ಅಂದ. "ಆದ್ರ ಗಾಡಿ ತೋರಿಸಿದ್ರ ಮುಗೀಲಿಲ್ಲ. ಬಾಯಿಲೆ ಹೇಳು."

ಬಸ್ಸು ಹೊರಟಿತು. ಅವನಿಗೆ ಬೈಯಲೂ ಆಗಲಿಲ್ಲ.

ಗ್ಯಾರೇಜಿನಲ್ಲಿ ಮಾಮ ಒಂದು ಟಂಟಂ ಆಟೋ ಕೆಳಗೆ ಮಲಗಿದ್ದ, ಕಾಲು ಮಾತ್ರ ಕಾಣುತ್ತಿತ್ತು. ದೇವಿಂದ್ರ ಕಾಕಾ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದ. ನಾನು ಅವನ ಪಕ್ಕದಲ್ಲೇ ಕಾರು ಇಟ್ಟೆ.

"ಕಾಕಾ, ಈ ನೀಲಿ ಹಾಳಿ ಒಳಗ ಹಾಕೀನಿ. ಬಾನೆಟ್ ಒತ್ರಿ."

ಕಾಕಾ ಒಂದು ಬೆರಳಿನಿಂದ ಒತ್ತಿದ. ತಿರುವಿ ತೋರಿಸಿದೆ.

"ಎಷ್ಟು ಕಲಿ ಅದಾವ್ರಿ?"

"ಒಂದು," ಅಂದ. ಕನ್ನಡಕ ಹಾಕಿಕೊಂಡು, ಇಂಜಿನ್ನಿನ ಮೇಲಿದ್ದ ಎರಡು ಕಾರ್ಬೊರೇಟರನ್ನೂ ಎಣಿಸಿದ. "ಏನರ ಕೈಚಳಕ ಮಾಡಿ ತಂದೀ ಏನವಾ?"

ನಾನು ಚಿಮಟದಿಂದ ಎರಡು ಚೂರು ರಬ್ಬರ್ ತೆಗೆದೆ. ಈಗ ಒತ್ತಿದರೆ ಒಂದೂ ಕಲೆ ಬೀಳಲಿಲ್ಲ. ಮತ್ತೆ ಇಟ್ಟೆ. ಒತ್ತಿದ. ಮುಂದಿನದೊಂದೇ ಬಿತ್ತು. ಕಾಕಾ ಚಹಾದ ಲೋಟ ಕೆಳಗಿಟ್ಟ. ಮೂವತ್ತು ವರ್ಷ ಬಸ್ಸು ಓಡಿಸಿದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಲಾರಿ ರಬ್ಬರು," ಅಂದ ಮೆಲ್ಲಗೆ. "ಏ ನಾಗಣ್ಣ, ಹೊರಗ ಬಾ. ನಿನ್ನ ತೂತು ಖರೇ ಅದ."

ಮಾಮ ತೆವಳಿಕೊಂಡು ಬಂದು, ಕೈ ಒರೆಸಿಕೊಳ್ಳದೆ ನೆಲದ ಮೇಲೇ ಕೂತ. ನಾನು ಕಾರನ್ನು ಅವನ ಮುಂದೆ ಇಟ್ಟು, ರಬ್ಬರ್, ಇಳಿಜಾರು, ಉಗುರಿನ ಗೀರು ಎಲ್ಲ ತೋರಿಸಿದೆ. ಖುಷಿಗೆ ನನ್ನ ಮಾತು ಒಂದರ ಮೇಲೊಂದು ಬೀಳುತ್ತಿತ್ತು. ಅವನೂ ಕುಣಿಯುತ್ತಾನೆ, ದೇವಿಂದ್ರ ಕಾಕಾನಿಗೆ ನಾಲ್ಕು ಮಾತು ಅನ್ನುತ್ತಾನೆ, ನನಗೂ ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ನೀಲಿ ಕಲೆಯ ಮೇಲೆ ಬೆರಳಿಟ್ಟು ಕೂತ.

"ಬಸಮ್ಮ," ಅಂದ ಕಡೆಗೆ. "ನನಗೂ ಸುಳ್ಳ ಅನಸಾಕತ್ತಿತ್ತು."

"ಏನು?"

"ಎಲ್ಲಾರೂ ಅಂದ್ರು, ನಾ ತಡಕೊಂಡೆ. ಆವತ್ತ ನೀ ಅಂದಿ. ಮನಿಗಿ ಹೋಗಿ ಲೆಕ್ಕಾ ಹಾಕಿ ನೋಡಿದೆ, ಎರಡಕ್ಕ ಎರಡ ತೂತು ಬೇಕಾಗ್ತದ. ಹಂಗಾದ್ರ ನಾ ಎಲ್ಲೋ ಕೇಳಿದ್ದನ್ನ ನಂದು ಅನ್ಕೊಂಡೀನಿ, ನಾ ಮದರಾಸಿಗೆ ಹೋಗೇ ಇಲ್ಲ ಅನಿಸ್ತು. ಎಂಟ ತಿಂಗಳಾತು, ಆ ಗಾಡಿ ಸಪ್ಪಳ ನೆಪ್ಪಾದ್ರ ತಲಿ ಜಾಡಿಸಿ ಬಿಡ್ತಿದ್ದೆ."

ನನ್ನ ಬಾಯಿಂದ ತಪ್ಪಾಯ್ತು ಮಾಮಾ ಅನ್ನುವ ಮಾತು ಬಂತು. ನಾನು ತಂದದ್ದಲ್ಲ, ತಾನೇ ಬಂತು. ಎರಡು ಸಲ ಅಂದೆ. ಮಾಮನಿಗೆ ಕೇಳಿಸಿತೋ ಇಲ್ಲವೋ. ಅವನು ನನ್ನ ಕೈಯಿಂದ ಹೊಸ ನೀಲಿ ಕಾಗದ ತೆಗೆದುಕೊಂಡು, ತಾನೇ ಒಳಗೆ ಹಾಸಿ, ಗ್ರೀಸಿನ ಹೆಬ್ಬೆರಳಿನಿಂದ ಬಾನೆಟ್ಟು ಒತ್ತಿದ.

"ಹಂಗಾದ್ರ ನಾ ಅಲ್ಲಿ ಇದ್ದೆ," ಅಂದ.

ತೆರೆದು ನೋಡಿ ಮತ್ತೆ ಮುಚ್ಚಿ ಒತ್ತಿದ.