ಕಾಲಿಗೆ ಹಚ್ಚುವ ಪಾಕ

ಮೊದಲನೆಯ ಪಾಕ ಕಲ್ಲಾಗಿ ಹೋಯಿತು. ಚಮಚ ಅದರಲ್ಲೇ ನೆಟ್ಟಗೆ ನಿಂತುಬಿಟ್ಟಿತ್ತು. ಹಿಡಿದೆತ್ತಿದರೆ ಪಾತ್ರೆಯೇ ಜೊತೆಗೆ ಮೇಲೆ ಬಂತು. ಸೊಸೆ ಅದನ್ನು ಬಚ್ಚಲಿಗೆ ಒಯ್ದು ಬಿಸಿನೀರಿನಲ್ಲಿ ಮುಳುಗಿಸಿಟ್ಟು ಬಂದು, ಎರಡನೆಯ ಪಾತ್ರೆಯನ್ನು ಒಲೆಯ ಮೇಲಿಟ್ಟಳು. ಸಕ್ಕರೆ, ನಿಂಬೆರಸ, ಚೂರು ನೀರು. ಇರುವುದೇ ಮೂರು ಸಾಮಾನು, ಅದಕ್ಕೆ ಇಷ್ಟು ಗೋಳೇ?

ಮನೆಯ ಮುಂದಿನ ಕೋಣೆಯೇ ಅವಳ ಬ್ಯೂಟಿ ಪಾರ್ಲರ್. ವ್ಯಾಕ್ಸ್ ಹಚ್ಚಿ ಕೈಕಾಲಿನ ಕೂದಲು ತೆಗೆಯುವುದರಲ್ಲಿ ಅವಳದು ಎತ್ತಿದ ಕೈ. ಹದಿನಾಲ್ಕು ವರ್ಷದಿಂದ ಅದೇ ಕೆಲಸ. ಆದರೆ ಹೋದ ತಿಂಗಳು, ಈಜು ಕಲಿಸುವ ಟೀಚರ್ ಬಂದಿದ್ದಾಗ ವ್ಯಾಕ್ಸಿನ ಬಿಸಿ ಒಂದಿಷ್ಟು ಹೆಚ್ಚಾಗಿ, ಅವರ ಮೊಣಕಾಲಿನ ಕೆಳಗೆ ಅಂಗೈಯಗಲ ಸುಟ್ಟಿತು. ಟೀಚರ್ ಬೈಯಲಿಲ್ಲ. "ನನ್ನ ಚರ್ಮವೇ ಸೂಕ್ಷ್ಮ, ನಿಮ್ಮ ತಪ್ಪೇನಿಲ್ಲ" ಎಂದು ಹೇಳಿ ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ಮಾತು ಸೊಸೆಯ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಹೋಯಿತು. ಕೊನೆಗೆ ತಾನೇ ಫೋನು ಮಾಡಿ, "ನಿಮಗಿನ್ನು ವ್ಯಾಕ್ಸ್ ಬೇಡ ಮೇಡಂ. ಸಕ್ಕರೆ ಪಾಕದಲ್ಲಿ ತೆಗೀತೀನಿ, ಉಗುರುಬೆಚ್ಚಗಿದ್ರೆ ಸಾಕು. ಇನ್ನೊಂದೇ ಒಂದು ಸಲ ಬನ್ನಿ" ಎಂದು ಕರೆದಿದ್ದಳು. ನಾಳೆ ಟೀಚರ್‌ಗೆ ಮಕ್ಕಳ ಹೊಸ ತಂಡ ಶುರು. ಇವತ್ತು ನಾಲ್ಕು ಗಂಟೆಗೆ ಬರುತ್ತಾರೆ. ಈ ಸಲವೂ ಕಾಲು ಕೆಡಿಸಿದರೆ ಮತ್ತೆ ಬನ್ನಿ ಎನ್ನಲು ಇವಳಿಗೆ ಮುಖವಿರುವುದಿಲ್ಲ.

ಎರಡನೆಯ ಪಾಕ ಜೇನಿನ ಬಣ್ಣಕ್ಕೆ ಬಂತು. ಆರಿಸಿ, ನಾದಿ, ತನ್ನ ಮುಂಗೈಗೇ ಹಚ್ಚಿ ಎಳೆದಳು. ನುಣ್ಣಗೆ ಜಾರಿ ಬಂತು, ಒಂದು ಕೂದಲನ್ನೂ ತರಲಿಲ್ಲ. ಇನ್ನೊಮ್ಮೆ ಎಳೆದಳು. ಊಹೂಂ. ಮೂಸಿ ನೋಡಿದಳು.

"ಅತ್ತೆ, ಇದಕ್ಕೆ ಏನಾದ್ರೂ ಹಾಕಿದ್ರಾ?"

"ಏನೂ ಇಲ್ಲಮ್ಮ. ತಳ ಹಿಡೀಬಾರ್ದು ಅಂತ ಒಂದು ಚಮಚ ಬೆಣ್ಣೆ."

"ಬೆಣ್ಣೆ!"

"ನೀನು ಫೋನಲ್ಲಿದ್ದೆ. ಪಾಪ, ಒಬ್ಬಳೇ ಒದ್ದಾಡ್ತಿದ್ದಾಳೆ ಅಂತ ಹಾಕಿದೆ."

"ಜಿಡ್ಡಿದ್ರೆ ಕೂದಲು ಹಿಡಿಯೋದು ಹೇಗೆ ಅತ್ತೆ? ಇದೇನು ತಿನ್ನೋ ಪದಾರ್ಥಾನಾ?"

"ತಿಂದೂ ನೋಡಿದೆ. ಹುಳಿ ಸ್ವಲ್ಪ ಮುಂದಾಗಿದೆ."

ಸೊಸೆ ಪಾಕ ಮೆತ್ತಿದ ಕೈಯಲ್ಲೇ ಹಣೆ ಚಚ್ಚಿಕೊಂಡಳು. ಮುಂಗೈ ಕೂದಲಿಗೆ ಹಿಡಿಯದ ಪಾಕ ತಲೆಕೂದಲಿಗೆ ಮಾತ್ರ ಚೆನ್ನಾಗಿ ಹಿಡಿಯಿತು! ಅತ್ತೆ ಒದ್ದೆ ಬಟ್ಟೆ ತಂದು, ಒಂದೊಂದೇ ಎಳೆ ಬಿಡಿಸಿ ಒರೆಸಿದರು. ಅವಳಿಗೆ ಸ್ವಲ್ಪವೂ ನೋವಾಗಲಿಲ್ಲ. ಆದರೂ ಸಿಟ್ಟು ಇಳಿಯಲಿಲ್ಲ.

ಮೂರನೆಯ ಪಾಕಕ್ಕೆ ಅತ್ತೆ ಕೈಕಟ್ಟಿ ಪಕ್ಕದಲ್ಲೇ ನಿಂತರು. "ನಾನು ಮುಟ್ಟಲ್ಲ. ನೋಡ್ತೀನಿ, ಅಷ್ಟೇ."

ನೋಡಿದ್ದು ಐದು ನಿಮಿಷ. "ಇಳಿಸು."

"ಇನ್ನೆರಡು ನಿಮಿಷ ಅತ್ತೆ."

"ಇಳಿಸೇ ಅಂದ್ರೆ! ಗುಳ್ಳೆ ದಪ್ಪ ಆಯ್ತು, ಇನ್ನು ಬಿಟ್ರೆ ಮತ್ತೆ ಕಲ್ಲೇ."

ಹಲ್ಲು ಕಚ್ಚಿಕೊಂಡು ಇಳಿಸಿದಳು. ಆರಿದ ಮೇಲೆ ನೋಡಿದರೆ ಹದ ಸರಿಯಾಗಿತ್ತು. ಅದಕ್ಕೂ ಸಿಟ್ಟು ಬಂತು.

ಟೀಚರ್ ಹೇಳಿದ ಹೊತ್ತಿಗೆ ಬಂದು ಮಂಚದ ಮೇಲೆ ಮಲಗಿದರು. ಮೊಣಕಾಲಿನ ಕೆಳಗೆ ಹಳೆಯ ಕಲೆ ಇನ್ನೂ ಮಾಸಿರಲಿಲ್ಲ. ಸೊಸೆ ತೊಡೆಯ ಪಕ್ಕ ನಿಂತು ಪಾಕ ಹಚ್ಚಿ ಎಳೆದಳು.

"ಅಮ್ಮಾ!"

"ಅಯ್ಯೋ ಮೇಡಂ, ಉಲ್ಟಾ ಎಳೆದುಬಿಟ್ಟೆ."

ವ್ಯಾಕ್ಸ್ ಆದರೆ ಪಾದದ ಕಡೆಗೆ ಸವರಿ ಮೇಲಕ್ಕೆ ಎಳೆಯಬೇಕು. ಪಾಕಕ್ಕೆ ತಿರುಗುಮುರುಗು: ಮೇಲಕ್ಕೆ ಸವರಿ, ಕೂದಲು ಬೆಳೆದ ಕಡೆಗೇ, ಕೆಳಕ್ಕೆ ಎಳೆಯಬೇಕು. ಇಲ್ಲದಿದ್ದರೆ ಕೂದಲು ನಡುವೆಯೇ ತುಂಡಾಗುತ್ತದೆ, ಚರ್ಮ ಕೆಂಪಾಗುತ್ತದೆ. ಇದೆಲ್ಲ ಅವಳಿಗೆ ಗೊತ್ತು. ಕೈಗೆ ಗೊತ್ತಿಲ್ಲ. ಆಚೆಗೆ ಸವರು, ನಿನ್ನತ್ತ ಎಳಿ ಎಂದು ಹದಿನಾಲ್ಕು ವರ್ಷ ಕಲಿತ ಕೈ ಅದು. ಎರಡನೆಯ ಸಲವೂ ಅದೇ ಆಯಿತು. ಮೂರನೆಯ ಸಲ "ಮೇಲೆ ಹಚ್ಚು, ಕೆಳಗೆ ಎಳಿ" ಎಂದು ಗಟ್ಟಿಯಾಗಿ ಹೇಳಿಕೊಂಡಳು. ಕೈ ಅರ್ಧದಲ್ಲಿ ತಬ್ಬಿಬ್ಬಾಗಿ ಪಾಕ ದಾರದಂತೆ ಜಗ್ಗಿತು. ಹಳೆಯ ಕಲೆಯ ಪಕ್ಕ ಹೊಸ ಕೆಂಪು ಮೂಡತೊಡಗಿತು.

ಬಾಗಿಲಲ್ಲಿ ಅತ್ತೆ: "ಅವಳ ಬಾಯಿ ಹೇಳಿದ್ದು ಅವಳ ಕೈಗೇ ಕೇಳಿಸಲ್ಲ ನೋಡಿ."

"ಅತ್ತೆ, ದಯವಿಟ್ಟು ಒಳಗೆ ಹೋಗ್ತೀರಾ!"

ಸೊಸೆ ಪಾಕವನ್ನು ಬಟ್ಟಲಿಗೆ ಹಾಕಿದಳು. "ಬೇಡ ಮೇಡಂ, ಎದ್ದುಬಿಡಿ. ಇನ್ನೊಂದು ಸಲ ನಿಮ್ಮ ಕಾಲು ಹಾಳು ಮಾಡೋಕೆ ನನ್ನಿಂದಾಗಲ್ಲ."

ಟೀಚರ್ ಎದ್ದು ಕೂತರು, ಇಳಿಯಲಿಲ್ಲ. "ನಮ್ಮಲ್ಲಿ ಕೆಲವು ಮಕ್ಕಳು ಈಜುವಾಗ ಉಸಿರಿಗೆ ಒಂದೇ ಕಡೆ ಕತ್ತು ತಿರುಗಿಸ್ತವೆ. ನಾನು ದಡದಲ್ಲಿ ಕಿರುಚ್ತಿರ್ತೀನಿ, ಅವು ಗೋಡೆ ನೋಡ್ತಿರ್ತವೆ. ಎಷ್ಟು ತಿದ್ದಿದ್ರೂ ಅಷ್ಟೇ. ಈಗ ತಿದ್ದಲ್ಲ. ಕೊಳದ ಆ ತುದಿಯಿಂದ ಬಿಡ್ತೀನಿ, ಮುಖ ತಾನಾಗೇ ನನ್ನ ಕಡೆ ಬರುತ್ತೆ. ನಿಮ್ಮ ಕೈ ಹೇಗಿದ್ಯೋ ಹಾಗೇ ಇರ್ಲಿ. ಕಾಲಿನ ಕಡೆ ಬಂದು ನಿಂತ್ಕೊಳ್ಳಿ."

"ಎಲ್ಲಿ ನಿಲ್ಲಲಿ? ಮಂಚದ ಆ ತುದಿ ಗೋಡೆಗೆ ಅಂಟಿದೆಯಲ್ಲ."

"ಅಷ್ಟೇ ತಾನೇ?" ಟೀಚರ್ ದಿಂಬನ್ನು ಎತ್ತಿ ಗೋಡೆಯ ಕಡೆ ಹಾಕಿ, ತಿರುಗಿ ಮಲಗಿದರು.

ಪಾದಗಳು ಈಗ ಮಂಚದ ತೆರೆದ ತುದಿಗೆ ಬಂದವು. ಸೊಸೆ ಅಲ್ಲಿ ನಿಂತು ಎಂದಿನಂತೆ ಆಚೆಗೆ ಸವರಿದಳು. ಪಾಕ ಮೊಣಕಾಲಿನತ್ತ ಏರಿತು. ಎಂದಿನಂತೆ ತನ್ನತ್ತ ಎಳೆದಳು. ಪಾಕ ಪಾದದ ಕಡೆ ಬಂತು, ಬೇರುಸಹಿತ ಕೂದಲನ್ನೂ ತಂದಿತು.

"ಉರೀತಿದ್ಯಾ ಮೇಡಂ?"

"ಇಲ್ಲ."

ಈ ಟೀಚರ್ ನೋವಾದರೂ ಇಲ್ಲ ಎನ್ನುವವರೇ. ಸೊಸೆ ದೀಪವನ್ನು ಹತ್ತಿರ ಎಳೆದು ಬಗ್ಗಿ ನೋಡಿದಳು. ಹೊಸದಾಗಿ ಎಲ್ಲೂ ಕೆಂಪೇರಿರಲಿಲ್ಲ. ಅಲ್ಲಿಂದ ಆಚೆ ಅವಳ ಕೈ ನಿಲ್ಲಲಿಲ್ಲ.

ಹೊರಡುವಾಗ ಟೀಚರ್ ಚಪ್ಪಲಿ ಮೆಟ್ಟುತ್ತ, "ಮುಂದಿನ ತಿಂಗಳೂ ಇದೇ ವಾರ ಬರ್ತೀನಿ. ಮಂಚ ಮಾತ್ರ ಸ್ವಲ್ಪ ಈಚೆಗೆ ಹಾಕ್ಸಿ, ಗೋಡೆ ವಾಸನೆ ಕುಡಿದು ಸಾಕಾಯ್ತು" ಎಂದರು.

ಅವರು ಬೀದಿ ತಿರುಗುವ ಮೊದಲೇ ಅತ್ತೆ ಸೆರಗು ಸಿಕ್ಕಿಸಿಕೊಂಡು ಮಂಚದ ಒಂದು ಕಡೆ ಹಿಡಿದಿದ್ದರು.

"ಬಿಡಿ ಅತ್ತೆ, ಸೊಂಟ ಹಿಡ್ಕೊಳ್ಳುತ್ತೆ."

"ನನ್ನ ಸೊಂಟದ ಚಿಂತೆ ನಿನಗ್ಯಾಕೆ? ನೀನು ಆ ಕಡೆ ಹಿಡಿ. ಹಾಂ, ಎಳಿ. ಎಳಿಯೇ ಅಂದ್ರೆ, ತಳ್ತೀಯಲ್ಲ!"