ಅಕ್ಕನ ಳಕಾರ

ಬೆಳಿಗ್ಗೆ ಎಂಟರ ಹಾಜರಿಯಲ್ಲಿ ಅಕ್ಕನ ನಾಲಿಗೆ ಎಡವಿತು. ಬೇರೆ ಯಾರದ್ದಾದರೂ ಆಗಿದ್ದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೆ ಊರು ಜೋಡಿಸಿದವಳು ಅವಳು; ಅವಳ ಬಾಯಲ್ಲಿ ಳಕಾರ ಒಮ್ಮೆಯೂ ಲಕಾರವಾಗಿದ್ದಿಲ್ಲ. ಅಂಥವಳು ಹವ್ಯಾಸಿಗಳ ಹ್ಯಾಮ್ ರೇಡಿಯೊದಲ್ಲಿ, ದಿನಾ ತಾನೇ ಹಾಜರಿ ಕೂಗುವ ಅಷ್ಟೂ ಜನರೆದುರು, "ಎಲ್ಲರಿಗೂ ಕೇಲಿಸ್ತಿದ್ಯಾ? ಓವರ್" ಅಂದುಬಿಟ್ಟಳು.

ಪಕ್ಕದೂರಿನ ಮೇಷ್ಟ್ರು ಗಹಗಹಿಸಿದರು. "ಏನಪ್ಪಾ ಗುಡ್ಡದಪ್ಪ, ನಿನ್ನ ಡಿಜಿಟಲ್ ಪೆಟ್ಟಿಗೆ ಅಕ್ಕನ ಹಲ್ಲೇ ಉದುರಿಸ್ತಲ್ಲೋ!"

ಗುಡ್ಡದಪ್ಪ ಅಂದರೆ ಅವಳ ತಮ್ಮ. ಎರಡು ಗುಡ್ಡಗಳ ಮೇಲಿನ ಎರಡು ರಿಪೀಟರುಗಳನ್ನು ನೋಡಿಕೊಳ್ಳುವವನು. ದೂರದವರ ಸೋತ ದನಿಯನ್ನು ಹಿಡಿದು, ಗಟ್ಟಿ ಮಾಡಿ ಮತ್ತೆ ಬಿಡುವ ಪೆಟ್ಟಿಗೆಗಳವು. ಕಳೆದ ತಿಂಗಳು ಹಳೆಯವನ್ನು ಕಿತ್ತು ಡಿಜಿಟಲ್ ಹಾಕಿದ್ದು ಅವನದೇ ಹಟ. "ಅದು ಮನುಷ್ಯರ ಮಾತನ್ನ ಅಗಿದು ಉಗಿಯುತ್ತೆ, ಬೇಡ ಕಣೋ" ಎಂದು ಅಡ್ಡ ನಿಂತವಳು ಅಕ್ಕ ಒಬ್ಬಳೇ. ಈಗ ಅಗಿದದ್ದು ಅವಳ ಮಾತನ್ನೇ!

ತಮ್ಮ ತಿಂಡಿ ಬಿಟ್ಟು ಎದ್ದ. ಅಕ್ಕನ ಮನೆ ಕಡೆಯ ಗುಡ್ಡ ಹತ್ತಿ, ಕೋಣೆಯ ಬೀಗ ತೆಗೆದವನೇ ಕೇಬಲ್ಲುಗಳನ್ನು ಒಂದೊಂದಾಗಿ ಬಿಚ್ಚಿ, ಒರೆಸಿ, ಬಿಗಿದ. ಆಂಟೆನಾ ನೋಡಲು ಹೊರಗೆ, ಲ್ಯಾಪ್‌ಟಾಪ್ ನೋಡಲು ಒಳಗೆ, ನಿಂತಲ್ಲಿ ನಿಲ್ಲಲಾರ. ಇವತ್ತೇ ಸರಿಯಾಗದಿದ್ದರೆ ಮೇಷ್ಟ್ರು ಹಳೇ ಪೆಟ್ಟಿಗೆ ವಾಪಸ್ ತರಿಸದೆ ಬಿಡುವವರಲ್ಲ. ಅಕ್ಕನಿಗೆ ಫೋನ್ ಮಾಡೋಣವೆಂದರೆ ಗುಡ್ಡದ ಮೇಲೆ ಸಿಗ್ನಲ್ ಇಲ್ಲ; ಕೈಯ ರೇಡಿಯೊ ಸೆಟ್ಟಿನಲ್ಲೇ ಕೂಗಿದ.

"ಅಕ್ಕಾ, ಒಂದರಿಂದ ಹತ್ತು ಎಣಿಸು. ಓವರ್."

"ನಾನೇನು ಒಂದನೇ ಕ್ಲಾಸಾ?" ಎಂದು ಗೊಣಗಿ ಶುರು ಮಾಡಿದಳು. "...ಐದು, ಆರು, ಏಲು... ಏಲು..." ಅಲ್ಲಿಗೆ ನಿಂತಿತು. ಓವರ್ ಕೂಡ ಅನ್ನಲಿಲ್ಲ.

ಬಂದ ದನಿಯಲ್ಲಿ ಎಷ್ಟು ಪಾಲು ಕೆಟ್ಟಿದೆ ಎಂದು ಲ್ಯಾಪ್‌ಟಾಪ್ ಅಂಕಿಯಲ್ಲಿ ತೋರಿಸುತ್ತದೆ. ತೋರಿಸಿದ್ದು ಸೊನ್ನೆ. ಇದೂ ಸುಳ್ಳು ಹೇಳುತ್ತಿದೆ ಎಂದು ಬೈದುಕೊಂಡು, ಅಕ್ಕನ ಬೀದಿಯಲ್ಲೇ ಇರುವ ಟೈಲರನ್ನು ಕೂಗಿದ. ಅವನ ಸೆಟ್ಟೂ ಇದೇ ಪೆಟ್ಟಿಗೆಗೆ ಬರುತ್ತದೆ.

"ಟೈಲರಣ್ಣ, ಏಳು ಅನ್ನಿ ನೋಡೋಣ. ಓವರ್."

"ಏಳಾ? ಹೊಲಿಯೋಕೆ ಬಾಕಿ ಇರೋ ಪ್ಯಾಂಟು ಏಳು. ಕಳೆದುಹೋದ ಗುಂಡಿ ಏಳು. ಹೆಂಡತಿ ಬೆಳಗಿನಿಂದ ಬೈದಿದ್ದು ಏಳು ಸಲ. ಸಾಕೇನಪ್ಪಾ? ಓವರ್."

ಅಷ್ಟೂ ಏಳುಗಳು ಸ್ಫಟಿಕದಂತೆ ಬಂದವು. ಪೆಟ್ಟಿಗೆ ಸರಿಯಾಗಿತ್ತು. ಬೆಳಗಿನಿಂದ ಅವನು ಹಂಬಲಿಸಿದ್ದು ಇದನ್ನೇ. ಸಿಕ್ಕಾಗ ಲ್ಯಾಪ್‌ಟಾಪನ್ನು ಅತ್ತ ತಳ್ಳಿ ಸೆಟ್ಟಿಗೆ ಕಿರುಚಿದ.

"ಟೈಲರಣ್ಣ, ಅಕ್ಕನ ಮನೆಗೆ ಓಡಿ! ಬಾಯಿ ಸೊಟ್ಟಗಾಗಿದ್ಯಾ, ಎರಡೂ ಕೈ ಎತ್ತೋಕಾಗುತ್ತಾ ನೋಡಿ. ಮೇಷ್ಟ್ರೇ, ಆಂಬುಲೆನ್ಸ್‌ಗೆ ಫೋನ್ ಮಾಡಿ. ಕೆಟ್ಟಿರೋದು ಪೆಟ್ಟಿಗೆ ಅಲ್ಲ."

ಕೋಣೆಗೆ ಬೀಗವನ್ನೂ ಹಾಕದೆ ಗುಡ್ಡ ಇಳಿಯತೊಡಗಿದ. ಅರ್ಧ ದಾರಿಯಲ್ಲಿ ಕೈಯ ಸೆಟ್ಟಿನಲ್ಲಿ ಟೈಲರನ ಏದುಸಿರು: "ಎಡಗೈ ಮೇಲೇಳ್ತಿಲ್ಲಪ್ಪಾ. ಚಪ್ಪಲಿ ಹಾಕ್ಕೊಂಡು ಒಳಗೆ ಬಂದೆ ಅಂತ ಬೈತಿದಾಳೆ ಮಾತ್ರ." ಆ ಬೈಗುಳ ನಿಲ್ಲದಿರಲಿ ಎಂದುಕೊಳ್ಳುತ್ತ ಅವನು ಓಡಿದ.

ಪಾರ್ಶ್ವವಾಯು, ಸಕಾಲಕ್ಕೆ ಕರೆತಂದಿರಿ ಎಂದರು ಡಾಕ್ಟರು.

ನಾಲ್ಕನೇ ದಿನ ಆಸ್ಪತ್ರೆಯ ಕಿಟಕಿಯ ಬಳಿ ತಮ್ಮ ಸೆಟ್ ಹಿಡಿದು ಶತಪಥ ಹಾಕುತ್ತಿದ್ದ. ಎಂಟರ ಹಾಜರಿ ಈಗ ಮೇಷ್ಟ್ರದು. ಅಕ್ಕನ ಸರದಿ ಬಂದಾಗ ಅವರ ದನಿ ತಡವರಿಸಿತು. ಅಕ್ಕ ಬಲಗೈ ಚಾಚಿ ಸೆಟ್ ಕಸಿದುಕೊಂಡಳು.

"ಕೇಲಿಸ್ತಿದೆ. ಪೆಟ್ಟಿಗೆ ಮೇಲೆ ಯಾರೂ ದೂರು ಹೇಲ್ಬೇಡಿ. ಇದು ನಂದೇ ತೊದಲು. ಓವರ್."

ಆಚೆ ಕಡೆ ಯಾರೂ ನಗಲಿಲ್ಲ. ತಮ್ಮ ಮತ್ತೆ ಬಾಗಿಲಿಗೂ ಕಿಟಕಿಗೂ ಓಡಾಡತೊಡಗಿದ್ದು ಕಂಡು ಅವಳಿಗೆ ರೇಗಿತು. "ಎಷ್ಟ್ ತಿರುಗ್ತೀಯೋ? ಒಂದ್ ಕಡೆ ಕೂತ್ಕೊಲ್ಲೋ!"

"ಕೂತು ಯಾರನ್ನ ಕೊಲ್ಲಲಿ ಅಕ್ಕಾ?"

ಅವಳ ಅರ್ಧ ಬಾಯಿ ನಕ್ಕಿತು. ಅವನು ಸ್ಟೂಲು ಎಳೆದುಕೊಂಡು ಕೂತ.